ಪರದೆಯ ಮೇಲೆ 45 ಡಿಗ್ರಿ 40 ಆದದ್ದೇಕೆ?

ರಾಷ್ಟ್ರೀಯ ವಿಜ್ಞಾನ ದಿನದ ಕಾರ್ಯಕ್ರಮಕ್ಕೆಂದು ಮೈಸೂರಿನ ಹೊರವಲಯದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಭಾಷಣ ಮುಗಿದ ಮೇಲೆ ಗಣಿತದ ಶಿಕ್ಷಕರು ಗಣಕಯಂತ್ರಗಳ ಕೊಠಡಿ ತೋರಿಸಲು ಕರೆದೊಯ್ದರು. ಅಲ್ಲಿ ಹತ್ತು ಗಣಕಗಳಿದ್ದವು. ಎಲ್ಲವೂ ಯಾವುದೋ ಕಚೇರಿ ಬಳಸಿ ದಾನವಾಗಿ ಕೊಟ್ಟಂಥವು. ಒಂದೊಂದಕ್ಕೂ 19 ಇಂಚಿನ ಅಗಲ ಪರದೆಯ ಎಲ್‌ಸಿಡಿ ಮಾನಿಟರ್. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತಷ್ಟೆ. ಅದರ ಮುಂದಿನ ವಿಂಡೋಸನ್ನು ಹೊರುವ ಯೋಗ್ಯತೆ ಈ ಯಂತ್ರಗಳಿಗಿರಲಿಲ್ಲ. ಹೀಗಾಗಿ ಶಿಕ್ಷಕರು ತಾವೇ ಕುಳಿತು ಎಲ್ಲಕ್ಕೂ ಲಿನಕ್ಸ್ ಹಾಕಿದ್ದರು. ಮೆಚ್ಚಬೇಕಾದ ಕೆಲಸ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜಿಯೋಜೀಬ್ರಾ ತಂತ್ರಾಂಶದಲ್ಲಿ ‘ವೈ = ಎಕ್ಸ್’ ಎಂಬ ಸರಳರೇಖೆಯನ್ನು ಎಳೆದಿದ್ದಳು. ಅದು ಅಡ್ಡ ಅಕ್ಷದೊಡನೆ ಮಾಡುವ ಕೋನ 45 ಡಿಗ್ರಿ ಎಂಬುದು ನಿಮಗೆಲ್ಲ ಗೊತ್ತು. ಅವಳು ಪಾರದರ್ಶಕ ಕೋನಮಾಪಕವನ್ನು ಪರದೆಗೆ ಹಗುರವಾಗಿ ಹಿಡಿದು ಅಳೆದಿದ್ದಳು. ಬಂದ ಉತ್ತರ 40. ‘ಕೋನಮಾಪಕ ಜಾರಿರಬೇಕು, ಸರಿಯಾಗಿ ಹಿಡಿ’ ಎಂದು ಶಿಕ್ಷಕರು ಹೇಳಿದ್ದರಂತೆ. ಅವಳು ಪುಸ್ತಕದಲ್ಲಿ 40 ಅನ್ನು ಅಳಿಸಿ 45 ಎಂದು ಬರೆದಿದ್ದಳು. ಅಳಿಸಿದ ಗುರುತು ಹಾಗೇ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನಾನೂ ಮೊದಲು ಕೋನಮಾಪಕವನ್ನೇ ಅನುಮಾನಿಸಿದೆ.

ಆಮೇಲೆ ಅದೇ ಪರದೆಯಲ್ಲಿ ಒಂದು ವೃತ್ತ ಬರೆಸಿ ಅಳತೆಪಟ್ಟಿ ಹಿಡಿದು ನೋಡಿದೆವು. ಅಡ್ಡಲಾಗಿ 16 ಸೆಂಟಿಮೀಟರ್, ಉದ್ದುದ್ದವಾಗಿ 13.3 ಸೆಂಟಿಮೀಟರ್. ವೃತ್ತ ಮೊಟ್ಟೆಯಾಗಿತ್ತು. ಕೋನಮಾಪಕವೂ ಸರಿ, ಹುಡುಗಿಯ ಕಣ್ಣೂ ಸರಿ, ತಪ್ಪಿದ್ದುದು ಪರದೆ. ಹತ್ತರಲ್ಲಿ ಮೂರು ಗಣಕಗಳಲ್ಲಿ ಇದೇ ದೋಷ. ‘ಯಂತ್ರ ಹಳತಾಯಿತು ಸಾರ್, ಇನ್ನು ಇಷ್ಟೇ’ ಎಂದರು ಶಿಕ್ಷಕರು. ಹಾಗಲ್ಲ. ಇದು ವಯಸ್ಸಿನ ದೋಷವಲ್ಲ, ಮಾತುಕತೆಯ ದೋಷ. ಮಾನಿಟರ್ ಹೇಳಬೇಕಾದುದನ್ನು ಗಣಕ ಕೇಳಿಸಿಕೊಂಡಿಲ್ಲ, ಅಷ್ಟೆ. ಇದನ್ನು ಪತ್ತೆಹಚ್ಚಿ ಸರಿಪಡಿಸಲು ಹೈಸ್ಕೂಲಿನ ಭೌತಶಾಸ್ತ್ರ ಹಾಗೂ ಸ್ವಲ್ಪ ತಾಳ್ಮೆ ಸಾಕು. ಹೇಗೆಂದು ನೋಡೋಣ ಬನ್ನಿ.

ಪಂಜಿನ ಕವಾಯತು ಮತ್ತು ಅರಮನೆಯ ದೀಪಗಳು

ಪರದೆಯ ಮೇಲಿನ ಚಿತ್ರ ಚಿಕ್ಕ ಚಿಕ್ಕ ಚುಕ್ಕೆಗಳಿಂದ ಆಗಿದೆ. ಇವೇ ಪಿಕ್ಸೆಲ್‌ಗಳು. ಅಡ್ಡಲಾಗಿ ಎಷ್ಟು, ಮೇಲಿಂದ ಕೆಳಕ್ಕೆ ಎಷ್ಟು ಎಂದು ಹೇಳುವ ಜೋಡಿ ಸಂಖ್ಯೆಯೇ ರೆಸಲ್ಯೂಷನ್. ಉದಾಹರಣೆಗೆ 1024×768 ಎಂದರೆ ಒಂದೊಂದು ಸಾಲಿನಲ್ಲಿ 1024 ಚುಕ್ಕೆಗಳು, ಅಂಥ 768 ಸಾಲುಗಳು.

ಮಾನಿಟರುಗಳಲ್ಲಿ ಎರಡು ಬಗೆ. ಈಗ ಅಪರೂಪವಾಗಿರುವ ಗಾಜಿನ ಕೊಳವೆಯ ಮಾನಿಟರ್, ಅಂದರೆ ಸಿಆರ್‌ಟಿ, ಬನ್ನಿಮಂಟಪದ ಮೈದಾನದಲ್ಲಿ ವಿಜಯದಶಮಿಯ ರಾತ್ರಿ ನಡೆಯುವ ಪಂಜಿನ ಕವಾಯತಿನಂತೆ. ಕತ್ತಲಲ್ಲಿ ಪಂಜು ಚಲಿಸಿದ ಹಾದಿಯೇ ಚಿತ್ರ. ಸಿಆರ್‌ಟಿಯಲ್ಲಿ ಎಲೆಕ್ಟ್ರಾನುಗಳ ಕಿರಣ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡುತ್ತ ಫಾಸ್ಫರ್ ಲೇಪವನ್ನು ಬೆಳಗುತ್ತದೆ. ಸಾಲುಗಳನ್ನು ಹತ್ತಿರ ಹತ್ತಿರ ಎಳೆದರೂ ಸರಿ, ದೂರ ದೂರ ಎಳೆದರೂ ಸರಿ. ಒಂದು ಮಿತಿಯೊಳಗೆ ಅದು ಯಾವ ರೆಸಲ್ಯೂಷನ್ನಿಗೂ ಒಗ್ಗಿಕೊಳ್ಳುತ್ತದೆ.

ಎಲ್‌ಸಿಡಿ ಹಾಗಲ್ಲ. ಅದು ಅರಮನೆಯ ದೀಪಾಲಂಕಾರದಂತೆ. ಅರಮನೆಯ ಮೇಲೆ ಲಕ್ಷದ ಹತ್ತಿರದ ಸಂಖ್ಯೆಯ ಬಲ್ಬುಗಳಿವೆ. ಪ್ರತಿಯೊಂದರ ಜಾಗವೂ ನಿಶ್ಚಿತ. ಎರಡು ಬಲ್ಬುಗಳ ನಡುವೆ ಅರ್ಧ ಬಲ್ಬನ್ನು ಹೊತ್ತಿಸಲಾಗದು. ನಮ್ಮ 19 ಇಂಚಿನ ಮಾನಿಟರಿನಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ 1440×900, ಅಂದರೆ 12 ಲಕ್ಷ 96 ಸಾವಿರ ಚುಕ್ಕೆಗಳಿವೆ. ಹೆಚ್ಚುಕಡಿಮೆ ಹದಿಮೂರು ಅರಮನೆಗಳ ದೀಪಗಳು! ಇದು ಆ ಪರದೆಯ ಸಹಜ ರೆಸಲ್ಯೂಷನ್. ಇದೊಂದರಲ್ಲಿ ಮಾತ್ರ ಗಣಕದ ಒಂದು ಚುಕ್ಕೆಗೆ ಪರದೆಯ ಒಂದು ಚುಕ್ಕೆ ಸರಿಹೊಂದುತ್ತದೆ.

ಗಣಕ 1024×768ರ ಚಿತ್ರವನ್ನು ಕಳಿಸಿದರೆ ಮಾನಿಟರ್ ಅದನ್ನು ಹಿಗ್ಗಿಸಿ ತನ್ನ ಚುಕ್ಕೆಗಳಿಗೆ ಹಂಚುತ್ತದೆ. ಅಡ್ಡಲಾಗಿ 1440/1024 = 1.406 ಪಟ್ಟು; ಉದ್ದುದ್ದವಾಗಿ 900/768 = 1.172 ಪಟ್ಟು. ಎರಡೂ ಸಮನಲ್ಲ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನಿಖರವಾಗಿ 1.2 ಬರುತ್ತದೆ. ನಮ್ಮ ವೃತ್ತದ 16 ಮತ್ತು 13.3ರ ನಿಷ್ಪತ್ತಿಯೂ ಅದೇ. ರೇಖೆಯ ಕೋನದ ಸ್ಪರ್ಶಜ್ಯೆ, ಅಂದರೆ ಟ್ಯಾನ್, 1ರ ಬದಲು 1/1.2 ಆಗುತ್ತದೆ. ಆ ಕೋನ 39.8 ಡಿಗ್ರಿ. ಹುಡುಗಿ ಅಳೆದದ್ದು 40. ಶಾಲೆಯ ಕೋನಮಾಪಕಕ್ಕೆ ಇದಕ್ಕಿಂತ ಒಳ್ಳೆಯ ನಿಖರತೆ ಬೇಕೆ?

ಆಕಾರ ಕೆಡುವುದಷ್ಟೇ ಅಲ್ಲ, ಅಕ್ಷರಗಳೂ ಮಬ್ಬಾಗುತ್ತವೆ. ಒಂದು ಚುಕ್ಕೆ ದಪ್ಪದ ಗೆರೆ 1.4 ಚುಕ್ಕೆಗಳ ಮೇಲೆ ಬೀಳಬೇಕಾದಾಗ ಪಕ್ಕದ ಚುಕ್ಕೆಗೂ ಅರೆಬರೆ ಬೆಳಕು ಹಂಚಿಹೋಗುತ್ತದೆ. ಇಂಗ್ಲಿಷ್ ಓದುವವರು ಹೇಗೋ ಸುಧಾರಿಸಿಕೊಂಡಾರು. ಕನ್ನಡದ ಕಷ್ಟ ಬೇರೆ. ನಮ್ಮ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು, ಸಾಲಿನ ಕೆಳಗೆ ಕೂರುವಂಥವು. ‘ರಾಷ್ಟ್ರ’, ‘ಸೂಕ್ಷ್ಮ’ ಮುಂತಾದ ಪದಗಳಲ್ಲಿ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗುತ್ತವೆ. ಹಿಂದಿನ ಬೆಂಚಿನ ಮಗು ಓದಲಾಗದೆ ಸುಮ್ಮನೆ ಕೂತರೆ ನಾವು ಮಗುವಿನ ಕಣ್ಣನ್ನು ದೂರುತ್ತೇವೆ.

ಮಾನಿಟರಿನ ಪರಿಚಯ ಪತ್ರ

ಮಾನಿಟರಿಗೆ ಏನು ಬೇಕೆಂದು ಗಣಕಕ್ಕೆ ಗೊತ್ತಾಗುವುದು ಹೇಗೆ? 1987ರಲ್ಲಿ ಐಬಿಎಂ ಸಂಸ್ಥೆ ವಿಜಿಎ ವ್ಯವಸ್ಥೆಯನ್ನು ಹೊರತಂದಾಗ ಇಂಥ ಮಾತುಕತೆ ಬಹಳ ಕಡಿಮೆ ಇತ್ತು. 1994ರಲ್ಲಿ ವೀಸಾ ಎಂಬ ಮಾನಕ ಸಂಸ್ಥೆ (ಪಾಸ್‌ಪೋರ್ಟಿನ ವೀಸಾ ಅಲ್ಲ!) ಇದಕ್ಕೊಂದು ಕ್ರಮ ರೂಪಿಸಿತು. ಅದರಂತೆ ಪ್ರತಿ ಮಾನಿಟರಿನೊಳಗೂ ಒಂದು ಪುಟ್ಟ ಸ್ಮೃತಿ ಚಿಪ್ ಇರುತ್ತದೆ. ಅದರಲ್ಲಿ 128 ಬೈಟ್‌ಗಳ ಒಂದು ಪರಿಚಯ ಪತ್ರ. ಇದರ ಹೆಸರು ಇಡಿಐಡಿ. ತಯಾರಕರ ಮೂರಕ್ಷರದ ಗುರುತು, ತಯಾರಾದ ವರ್ಷ, ಪರದೆಯ ಅಗಲ ಹಾಗೂ ಎತ್ತರ ಸೆಂಟಿಮೀಟರುಗಳಲ್ಲಿ, ತನಗೆ ಒಗ್ಗುವ ರೆಸಲ್ಯೂಷನ್‌ಗಳು, ಎಲ್ಲಕ್ಕಿಂತ ಇಷ್ಟವಾದುದು ಯಾವುದು ಎಂಬೆಲ್ಲ ವಿವರ ಅದರಲ್ಲಿರುತ್ತದೆ.

ವಿಜಿಎ ಕೇಬಲಿನ ನೀಲಿ ತುದಿಯನ್ನು ನೋಡಿ. ಐದೈದರ ಮೂರು ಸಾಲುಗಳಲ್ಲಿ 15 ಪಿನ್‌ಗಳಿಗೆ ಜಾಗವಿದೆ. 1, 2, 3ನೆಯವು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಯ್ಯುತ್ತವೆ. 13 ಮತ್ತು 14 ‘ಸಾಲು ಮುಗಿಯಿತು’, ‘ಪುಟ ಮುಗಿಯಿತು’ ಎಂದು ತಿಳಿಸುವ ಸಿಂಕ್ ಸಂಕೇತಗಳು. ಪರಿಚಯ ಪತ್ರ ಬರುವುದು 12 ಮತ್ತು 15ನೆಯ ಪಿನ್‌ಗಳ ಮೂಲಕ. ಈ ಎರಡು ತಂತಿಗಳ ಮೇಲೆ ನಡೆಯುವ ಸಂಭಾಷಣೆಯ ಕ್ರಮಕ್ಕೆ ಐ-ಸ್ಕ್ವೇರ್ಡ್-ಸಿ ಎಂದು ಹೆಸರು. ಫಿಲಿಪ್ಸ್ ಸಂಸ್ಥೆ 1982ರಲ್ಲಿ ಇದನ್ನು ರೂಪಿಸಿತು. ಸೆಕೆಂಡಿಗೆ ಒಂದು ಲಕ್ಷ ಬಿಟ್‌ಗಳ ಸಾಮಾನ್ಯ ವೇಗದಲ್ಲಿ, ಬೈಟಿಗೆ 9 ಬಿಟ್‌ನಂತೆ ಲೆಕ್ಕ ಹಾಕಿದರೆ, ಇಡೀ ಪತ್ರವನ್ನು ಓದಲು ಬೇಕಾಗುವುದು ಸುಮಾರು 12 ಮಿಲಿಸೆಕೆಂಡು. ಈ ಪತ್ರ ಬಾರದೆ ಹೋದರೆ ಗಣಕ ಯಾವ ಮಾನಿಟರಿಗೂ ಅಪಾಯವಾಗದ 1024×768, 800×600, 640×480ರಂಥ ಹಳೆಯ ಅಳತೆಗಳಿಗೆ ಶರಣಾಗುತ್ತದೆ. ಊರಿಗೆ ಹೊಸಬರು ಬಂದಾಗ ಅವರ ರುಚಿ ಗೊತ್ತಿಲ್ಲದೆ ಉಪ್ಪುಖಾರ ಕಡಿಮೆ ಹಾಕಿ ಬಡಿಸಿದಂತೆ.

ದೋಷ ಎಲ್ಲಿದೆ? ಒಂದೊಂದನ್ನೇ ಬದಲಿಸಿ

ಪ್ರಯೋಗಶಾಲೆಯ ನಿಯಮ ನಿಮಗೆ ಗೊತ್ತಿದೆ: ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಇಲ್ಲೂ ಅಷ್ಟೆ. ಅನುಮಾನಿಸಬೇಕಾದವು ಮೂರು: ಕೇಬಲ್, ಗಣಕ, ಮಾನಿಟರ್.

ಮೊದಲು ಮಾನಿಟರಿನ ಗುಂಡಿಗಳನ್ನು ಒತ್ತಿ ಅದರ ಸ್ವಂತ ಪಟ್ಟಿಯನ್ನು ತೆರೆಯಿರಿ. ಬರುತ್ತಿರುವ ಸಂಕೇತದ ರೆಸಲ್ಯೂಷನ್ ಹೆಚ್ಚಿನ ಮಾನಿಟರುಗಳಲ್ಲಿ ಅಲ್ಲೇ ಕಾಣುತ್ತದೆ. ಬೆನ್ನಿನ ಚೀಟಿಯಲ್ಲಿರುವ ಮಾದರಿಯ ಹೆಸರಿನಿಂದ ಸಹಜ ರೆಸಲ್ಯೂಷನ್ ತಿಳಿದುಕೊಂಡು ಎರಡನ್ನೂ ಹೋಲಿಸಿ. ಒಂದೇ ಆಗಿದ್ದರೆ ದೋಷ ಬೇರೆಲ್ಲೋ ಇದೆ. ಬೇರೆಯಾಗಿದ್ದರೆ ಮುಂದುವರಿಯಿರಿ.

ಎರಡನೆಯದು ಕೇಬಲ್. ಗಣಕವನ್ನೂ ಮಾನಿಟರನ್ನೂ ಆರಿಸಿ, ಸರಿಯಿರುವ ಇನ್ನೊಂದು ಗಣಕದ ಕೇಬಲನ್ನು ಹಾಕಿ ನೋಡಿ. ಅಗ್ಗದ ಕೆಲವು ಕೇಬಲುಗಳಲ್ಲಿ 12 ಮತ್ತು 15ನೆಯ ತಂತಿಗಳೇ ಇರುವುದಿಲ್ಲ. ಬಣ್ಣಗಳೂ ಸಿಂಕೂ ಸರಿಯಾಗಿ ಹೋಗುವುದರಿಂದ ಚಿತ್ರವೇನೋ ಬರುತ್ತದೆ, ಪತ್ರ ಮಾತ್ರ ಬರುವುದಿಲ್ಲ. ಉದ್ದಕ್ಕೆಂದು ಸೇರಿಸಿದ ತುಂಡು ಕೇಬಲ್, ಒಂದು ಗಣಕದಿಂದ ಎರಡು ಪರದೆಗೆ ಹಂಚುವ ಪೆಟ್ಟಿಗೆ, ಬಾಗಿದ ಪಿನ್, ಇವೂ ಕಾರಣವಾಗಬಹುದು. 9ನೆಯ ಪಿನ್ ಇಲ್ಲದಿದ್ದರೆ ಗಾಬರಿ ಬೇಡ. ಅನೇಕ ಕೇಬಲುಗಳಲ್ಲಿ ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ನಾನು ಹೇಳಿದ ಶಾಲೆಯ ಮೂರರಲ್ಲಿ ಒಂದು ಗಣಕ ಕೇಬಲ್ ಬದಲಿಸಿದೊಡನೆ ಸರಿಹೋಯಿತು.

ಮೂರನೆಯದು ಅದಲುಬದಲು. ಸರಿಯಿರುವ ಗಣಕಕ್ಕೆ ಕೆಟ್ಟ ಮಾನಿಟರನ್ನೂ, ಕೆಟ್ಟ ಗಣಕಕ್ಕೆ ಒಳ್ಳೆಯ ಮಾನಿಟರನ್ನೂ ಜೋಡಿಸಿ. ದೋಷ ಮಾನಿಟರಿನ ಜೊತೆ ಹೋದರೆ ಅದರ ಚಿಪ್ ಕೆಟ್ಟಿದೆ. ದೋಷ ಗಣಕದಲ್ಲೇ ಉಳಿದರೆ ಅದರ ತಂತ್ರಾಂಶವನ್ನು ನೋಡಬೇಕು. ನಮ್ಮ ಎರಡನೆಯ ಗಣಕದ್ದು ತಂತ್ರಾಂಶದ ದೋಷವಾಗಿತ್ತು. ಮೂರನೆಯದು, ಹುಡುಗಿ ಕುಳಿತಿದ್ದುದು, ಚಿಪ್ಪಿನ ದೋಷ.

ಲಿನಕ್ಸ್ ಏನು ಹೇಳುತ್ತದೆ?

ಇನ್ನು ಮುಂದೆ ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಆಜ್ಞೆಗಳನ್ನು ಕೊಡಬೇಕು. ಅವುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಕೀಲಿಮಣೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು. ಮುಖ್ಯವಾದ ಆಜ್ಞೆ ಎಕ್ಸ್‌ರ್ಯಾಂಡರ್. ಎಕ್ಸ್, ಆರ್, ಎ, ಎನ್, ಡಿ, ಆರ್ ಎಂಬ ಆರು ಅಕ್ಷರಗಳು. ಅದನ್ನಷ್ಟೇ ಕೊಟ್ಟರೆ ಜೋಡಿಸಿರುವ ಪರದೆಯ ಹೆಸರು, ಭೌತಿಕ ಅಳತೆ ಹಾಗೂ ದೊರೆಯುವ ರೆಸಲ್ಯೂಷನ್‌ಗಳ ಪಟ್ಟಿ ಬರುತ್ತದೆ. ಹೆಸರು ಸಾಮಾನ್ಯವಾಗಿ ‘ವಿಜಿಎ-1’ ಎಂದಿರುತ್ತದೆ. ಇದು ಮಾತ್ರ ದೊಡ್ಡಕ್ಷರಗಳಲ್ಲಿ.

ಆ ಸಾಲಿನ ಕೊನೆಯನ್ನು ಗಮನಿಸಿ. ಆರೋಗ್ಯವಂತ ಮಾನಿಟರಾದರೆ ಅಲ್ಲಿ ಮಿಲಿಮೀಟರುಗಳಲ್ಲಿ ಅದರ ಅಗಲ ಮತ್ತು ಎತ್ತರ ಇರುತ್ತದೆ. ಪರಿಚಯ ಪತ್ರ ಬಂದಿಲ್ಲವಾದರೆ ಅಲ್ಲಿ ‘0 ಮಿಮೀ × 0 ಮಿಮೀ’ ಎಂದಿರುತ್ತದೆ. ಸೊನ್ನೆ ಅಗಲದ ಪರದೆ ಯಾವ ಅಂಗಡಿಯಲ್ಲೂ ಸಿಗದು! ವೈದ್ಯರು ನಾಡಿ ಹಿಡಿದಂತೆ ಈ ಒಂದು ಗುರುತಿನಿಂದಲೇ ರೋಗ ತಿಳಿಯುತ್ತದೆ.

ಪಟ್ಟಿಯಲ್ಲಿ ‘ವಿಜಿಎ’ ಎಂಬ ಹೆಸರೇ ಇಲ್ಲದೆ ‘ಡಿಫಾಲ್ಟ್’ ಎಂದೋ ಬೇರೇನೋ ಇದ್ದು, ಒಂದೆರಡೇ ರೆಸಲ್ಯೂಷನ್ ಕಂಡರೆ ಅನುಮಾನಿಸಬೇಕಾದುದು ಚಾಲಕ ತಂತ್ರಾಂಶವನ್ನು. ಗಣಕದ ಚಿತ್ರ ಚಿಪ್ಪಿಗೆ ತಕ್ಕ ಚಾಲಕ ಕೆಲಸ ಮಾಡುತ್ತಿಲ್ಲ ಎಂದರ್ಥ. ನಮ್ಮ ಎರಡನೆಯ ಗಣಕದಲ್ಲಿ ಆದದ್ದು ಇದು. ಲಿನಕ್ಸ್ ಹಾಕುವಾಗ ಪರದೆ ಕಪ್ಪಾಯಿತೆಂದು ಯಾರೋ ‘ನೋಮೋಡ್‌ಸೆಟ್’ ಎಂಬ ಪದವನ್ನು ಆರಂಭದ ಆಜ್ಞೆಗೆ ಸೇರಿಸಿದ್ದರು. ಈ ಪದ ಚಾಲಕಕ್ಕೆ ‘ನೀನು ಸುಮ್ಮನಿರು’ ಎಂದು ಹೇಳುತ್ತದೆ. ತುರ್ತಿಗೆ ಒಳ್ಳೆಯದು, ಆದರೆ ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು. ತೆಗೆದೊಡನೆ 1440×900 ತಾನಾಗಿ ಬಂತು. ತೆಗೆಯುವ ಬಗೆಯನ್ನು ಮುಂದೆ ಹೇಳುತ್ತೇನೆ.

ಚುಕ್ಕೆಗಳ ಗಡಿಯಾರ

ಚಿಪ್ಪೇ ಕೆಟ್ಟಿದ್ದರೆ ಮಾನಿಟರಿನ ಪರವಾಗಿ ನಾವೇ ಗಣಕಕ್ಕೆ ಹೇಳಬೇಕು. ಹೇಳಬೇಕಾದುದು ಬರಿಯ 1440×900 ಅಲ್ಲ, ಕಾಲದ ಲೆಕ್ಕವನ್ನೂ ಕೊಡಬೇಕು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ರುಚಿಸುವ ಭಾಗ ಇದು.

ಸಿಆರ್‌ಟಿಯ ಕಿರಣ ಒಂದು ಸಾಲು ಮುಗಿಸಿ ಮತ್ತೆ ಎಡಕ್ಕೆ ಬರಲು ಸ್ವಲ್ಪ ಸಮಯ ಬೇಕಿತ್ತು; ಕೊನೆಯ ಸಾಲಿನಿಂದ ಮೇಲಕ್ಕೆ ಬರಲು ಇನ್ನಷ್ಟು. ಆ ಬಿಡುವನ್ನು ಎಲ್‌ಸಿಡಿಗಳೂ ವಂಶಪಾರಂಪರ್ಯವಾಗಿ ಪಡೆದಿವೆ. ಹಾಗಾಗಿ 1440 ಚುಕ್ಕೆಗಳ ಸಾಲಿಗೆ ಬಿಡುವೂ ಸೇರಿ 1904 ಚುಕ್ಕೆಗಳಷ್ಟು ಕಾಲ ಮೀಸಲು. 900 ಸಾಲುಗಳಿಗೆ 934 ಸಾಲುಗಳಷ್ಟು. ಸೆಕೆಂಡಿಗೆ 60 ಬಾರಿ ಚಿತ್ರ ಬರೆಯಬೇಕೆಂದರೆ

1904 × 934 × 60 = 10 ಕೋಟಿ 67 ಲಕ್ಷ ಚುಕ್ಕೆಗಳು.

ಅಂದರೆ ಗಡಿಯಾರದ ಆವರ್ತಾಂಕ ಸುಮಾರು 106.7 ಮೆಗಾಹರ್ಟ್ಸ್. ಇದನ್ನು ಕಾಲು ಮೆಗಾಹರ್ಟ್ಸಿನ ಗುಣಕಕ್ಕೆ ಇಳಿಸಿ 106.5 ಎಂದು ಇಟ್ಟುಕೊಳ್ಳುತ್ತಾರೆ. ಆಗ ಸೆಕೆಂಡಿಗೆ 59.89 ಚಿತ್ರಗಳು. ಒಂದು ಚುಕ್ಕೆಗೆ ಸಿಗುವ ಕಾಲ 9.4 ನ್ಯಾನೊಸೆಕೆಂಡು, ಅಷ್ಟರಲ್ಲಿ ಬೆಳಕು ನಿರ್ವಾತದಲ್ಲಿ ಸಾಗುವ ದೂರ 2.8 ಮೀಟರ್ ಮಾತ್ರ. ಕೇಬಲಿನಲ್ಲಿ ವಿದ್ಯುತ್ ಸಂಕೇತ ಇದಕ್ಕಿಂತ ನಿಧಾನ. ಕೇಬಲಿಗೆ ಕೇಬಲ್ ಅಂಟಿಸಿದಾಗ ಜೋಡಣೆಯಲ್ಲಿ ಪ್ರತಿಫಲನವಾಗಿ ಅಕ್ಷರಗಳ ಬಲಕ್ಕೆ ತೆಳುವಾದ ನೆರಳು ಕಾಣುವುದು ಏಕೆಂದು ಈಗ ಊಹಿಸಬಲ್ಲಿರಿ. ಕ್ಷಣ ತಡವಾಗಿ ಬಂದ ಪ್ರತಿಧ್ವನಿ ಮುಂದಿನ ಚುಕ್ಕೆಯ ಮೇಲೆ ಬೀಳುತ್ತದೆ.

1990ರ ದಶಕದಲ್ಲಿ ಲಿನಕ್ಸ್ ಬಳಸುವವರು ಈ ಲೆಕ್ಕವನ್ನು ಕೈಯಿಂದ ಮಾಡಿ ‘ಮೋಡ್‌ಲೈನ್’ ಎಂಬ ಸಾಲನ್ನು ಬರೆಯಬೇಕಿತ್ತು. 2007ರಲ್ಲಿ ಬಂದ ರ್ಯಾಂಡರ್ 1.2, 2009ರಲ್ಲಿ ಲಿನಕ್ಸ್ ತಿರುಳಿಗೇ ಸೇರಿದ ಪರದೆ ನಿಯಂತ್ರಣ, ಇವುಗಳಿಂದ ಎಲ್ಲವೂ ತಾನಾಗಿ ಆಗತೊಡಗಿ ಆ ವಿದ್ಯೆ ಮರೆತುಹೋಯಿತು. ಪರಿಚಯ ಪತ್ರ ಕಳೆದುಹೋದಾಗ ಮತ್ತೆ ಅದೇ ವಿದ್ಯೆ ಬೇಕು. ಅದೃಷ್ಟಕ್ಕೆ ಈಗ ಲೆಕ್ಕ ಮಾಡಿಕೊಡಲು ಒಂದು ಆಜ್ಞೆಯಿದೆ.

ನಾಲ್ಕು ಆಜ್ಞೆಗಳು

ಒಂದು: ಸಿವಿಟಿ 1440 900 60

ಸಿ, ವಿ, ಟಿ ಎಂಬ ಮೂರು ಅಕ್ಷರಗಳು, ಆಮೇಲೆ ಸಂಖ್ಯೆಗಳು. ಉತ್ತರವಾಗಿ ಬರುವ ಮೋಡ್‌ಲೈನಿನಲ್ಲಿ 106.50 1440 1528 1672 1904 900 903 909 934 ಎಂಬ ಸಂಖ್ಯೆಗಳಿರುತ್ತವೆ. ಮೊದಲನೆಯದು ಗಡಿಯಾರ. ಮುಂದಿನ ನಾಲ್ಕು ಸಾಲಿನ ಲೆಕ್ಕ: ಚಿತ್ರ ಮುಗಿಯುವುದು 1440ರಲ್ಲಿ, ಸಿಂಕ್ ಶುರುವಾಗುವುದು 1528ರಲ್ಲಿ, ಮುಗಿಯುವುದು 1672ರಲ್ಲಿ, ಒಟ್ಟು 1904. ಉಳಿದ ನಾಲ್ಕು ಪುಟದ ಲೆಕ್ಕ. ನಾವು ಮೇಲೆ ಬಳಸಿದ 1904, 934 ಇಲ್ಲಿಂದ ಬಂದವು.

ಎರಡು: ಎಕ್ಸ್‌ರ್ಯಾಂಡರ್ --ನ್ಯೂಮೋಡ್ ಹೊಸತು 106.50 1440 1528 1672 1904 900 903 909 934 -ಎಚ್‌ಸಿಂಕ್ +ವಿಸಿಂಕ್

ಮೂರು: ಎಕ್ಸ್‌ರ್ಯಾಂಡರ್ --ಆಡ್‌ಮೋಡ್ ವಿಜಿಎ-1 ಹೊಸತು

ನಾಲ್ಕು: ಎಕ್ಸ್‌ರ್ಯಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್ ಹೊಸತು

‘ಹೊಸತು’ ಎಂಬುದು ನಾವಿಟ್ಟ ಹೆಸರು. ಇಂಗ್ಲಿಷ್ ಅಕ್ಷರಗಳಲ್ಲಿ ನಿಮಗೆ ತೋಚಿದ್ದನ್ನು ಇಡಬಹುದು. ಎರಡನೆಯ ಆಜ್ಞೆ ಹೊಸ ಕ್ರಮವನ್ನು ಹೇಳಿಕೊಡುತ್ತದೆ, ಮೂರನೆಯದು ಅದನ್ನು ಪರದೆಯ ಪಟ್ಟಿಗೆ ಸೇರಿಸುತ್ತದೆ, ನಾಲ್ಕನೆಯದು ಜಾರಿಗೊಳಿಸುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗುತ್ತದೆ. ಆಮೇಲೆ ಮಾನಿಟರಿನ ‘ಆಟೊ’ ಗುಂಡಿಯನ್ನು ಒಮ್ಮೆ ಒತ್ತಿ. ವಿಜಿಎ ಕೇಬಲಿನಲ್ಲಿ ಬರುವುದು ಅಲೆಯಂಥ ಸಂಕೇತ. ಚುಕ್ಕೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಮಾನಿಟರೇ ಊಹಿಸಿ ಕತ್ತರಿಸಿಕೊಳ್ಳಬೇಕು. ಆ ಗುಂಡಿ ಊಹೆಯನ್ನು ತಿದ್ದುತ್ತದೆ. ಪರದೆ ತುಂಬ ಅಕ್ಷರಗಳಿರುವಾಗ ಒತ್ತಿದರೆ ಫಲ ಚೆನ್ನಾಗಿರುತ್ತದೆ.

1366×768ರ ಮಾನಿಟರಿನವರಿಗೆ ಒಂದು ಸೂಚನೆ. 1366 ಎಂಟರಿಂದ ಭಾಗವಾಗುವುದಿಲ್ಲ. ಸಿವಿಟಿ ಎಂಟರ ಗುಣಕಗಳಲ್ಲೇ ಲೆಕ್ಕ ಮಾಡುವುದರಿಂದ 1368 ಎಂದು ಉತ್ತರ ಕೊಡುತ್ತದೆ. ಅದರ ಬದಲು ಮಾನಕದಲ್ಲಿರುವ ಸಂಖ್ಯೆಗಳನ್ನೇ ಕೊಡಿ: 85.50 1366 1436 1579 1792 768 771 774 798, ಎರಡೂ ಸಿಂಕ್‌ಗಳಿಗೆ ಕೂಡಿಸುವ ಚಿಹ್ನೆ.

ಒಂದು ಎಚ್ಚರಿಕೆ. ಎಕ್ಸ್‌ರ್ಯಾಂಡರ್ ‘ಎಕ್ಸ್’ ಎಂಬ ಹಳೆಯ ಚಿತ್ರ ವ್ಯವಸ್ಥೆಯದು. ಹಳೆಯ ಗಣಕಗಳಿಗೆ ಒಪ್ಪುವ ಹಗುರವಾದ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಈ ಆಜ್ಞೆಗಳಿಂದ ಪರದೆ ಬದಲಾಗುವುದಿಲ್ಲ. ಅಲ್ಲಿ ಮುಂದೆ ಹೇಳುವ ದಾರಿಯನ್ನೇ ಹಿಡಿಯಬೇಕು.

ಶಾಶ್ವತವಾಗಿಸುವುದು

ಮೇಲಿನ ಬದಲಾವಣೆ ಗಣಕವನ್ನು ಆರಿಸಿದಾಗ ಮರೆತುಹೋಗುತ್ತದೆ. ಕೊನೆಯ ಮೂರು ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಪ್ರತಿ ಬಾರಿ ಒಳಬಂದಾಗ ತಾನಾಗಿ ನಡೆಯುವಂತೆ ಮಾಡಬಹುದು. ಅದಕ್ಕಿಂತ ಗಟ್ಟಿಯಾದ ದಾರಿ ಲಿನಕ್ಸ್ ತಿರುಳಿಗೇ ಹೇಳುವುದು. ಡೆಬಿಯನ್, ಉಬುಂಟು, ಮಿಂಟ್ ಬಳಸುವವರು ‘ಇಟಿಸಿ’ ಕೋಶದೊಳಗಿನ ‘ಡಿಫಾಲ್ಟ್’ ಕೋಶದಲ್ಲಿರುವ ‘ಗ್ರಬ್’ ಎಂಬ ಕಡತವನ್ನು ಆಡಳಿತಾಧಿಕಾರದೊಡನೆ ತೆರೆಯಬೇಕು. ತಿದ್ದುವ ಮೊದಲು ಅದರ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಡಿ.

ಅದರಲ್ಲಿ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್’ ಎಂಬ ಸಾಲಿದೆ. ಉದ್ಧರಣ ಚಿಹ್ನೆಗಳೊಳಗೆ ‘ನೋಮೋಡ್‌ಸೆಟ್’ ಇದ್ದರೆ ತೆಗೆಯಿರಿ. ಚಿಪ್ ಕೆಟ್ಟ ಮಾನಿಟರಾದರೆ ಒಂದು ಖಾಲಿ ಜಾಗ ಬಿಟ್ಟು ಇದನ್ನು ಸೇರಿಸಿ:

ವಿಡಿಯೊ=ವಿಜಿಎ-1:1440ಎಕ್ಸ್900ಎಂ@60

ಇಲ್ಲಿ ‘ಎಕ್ಸ್’ ಎಂಬುದು ಇಂಗ್ಲಿಷಿನ ಸಣ್ಣಕ್ಷರ, ‘ಎಂ’ ದೊಡ್ಡಕ್ಷರ. ‘ಎಂ’ ಎಂದರೆ ಸಿವಿಟಿಯ ಲೆಕ್ಕವನ್ನೇ ಬಳಸು ಎಂದು ಸೂಚನೆ. ಕಡತವನ್ನು ಉಳಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಆಜ್ಞೆ ಕೊಟ್ಟು ಗಣಕವನ್ನು ಮತ್ತೆ ಆರಂಭಿಸಿ. ಇದು ವೇಲ್ಯಾಂಡ್‌ಗೂ ಅನ್ವಯಿಸುತ್ತದೆ.

ಅಪಾಯಗಳೇನಾದರೂ ಇವೆಯೆ?

ಎಲ್‌ಸಿಡಿಗೆ ಒಗ್ಗದ ಸಂಖ್ಯೆ ಕೊಟ್ಟರೆ ‘ವ್ಯಾಪ್ತಿ ಮೀರಿದೆ’ ಎಂಬ ಅರ್ಥದ ಸಂದೇಶ ತೋರಿಸಿ ಅದು ಸುಮ್ಮನಾಗುತ್ತದೆ. ಪರದೆ ಕಾಣದೆ ಕಂಗಾಲಾಗದಿರಲು ಒಂದು ಉಪಾಯವಿದೆ. ನಾಲ್ಕನೆಯ ಆಜ್ಞೆಯ ಮುಂದೆ ಅರ್ಧವಿರಾಮ ಹಾಕಿ ‘ಸ್ಲೀಪ್ 15’, ಮತ್ತೆ ಅರ್ಧವಿರಾಮ ಹಾಕಿ ಹಳೆಯ ರೆಸಲ್ಯೂಷನ್ನಿಗೆ ಮರಳುವ ಆಜ್ಞೆ, ಇವಿಷ್ಟನ್ನೂ ಒಂದೇ ಸಾಲಿನಲ್ಲಿ ಕೊಡಿ. ಹದಿನೈದು ಸೆಕೆಂಡಿನ ನಂತರ ಎಲ್ಲ ಮೊದಲಿನಂತಾಗುತ್ತದೆ.

ಹಳೆಯ ಸಿಆರ್‌ಟಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ತಾಳುವ ಸಾಲುಗಳ ಆವರ್ತಾಂಕಕ್ಕೆ ಮಿತಿಯಿದೆ. 1024×768ನ್ನು ಸೆಕೆಂಡಿಗೆ 60 ಬಾರಿ ಬರೆಯಲು 48.4 ಕಿಲೋಹರ್ಟ್ಸ್ ಸಾಕು. 85 ಬಾರಿ ಬರೆಯಲು 68.7 ಬೇಕು. ಕೈಪಿಡಿಯ ಮಿತಿಯನ್ನು ಮೀರಿದರೆ ರಕ್ಷಣೆಯಿಲ್ಲದ ಹಳೆಯ ಮಾದರಿಗಳು ಕೆಟ್ಟಾವು. ಯಾವ ಕಾರಣಕ್ಕೂ ಸಿಆರ್‌ಟಿಯ ಬೆನ್ನನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಸಾವಿರಾರು ವೋಲ್ಟಿನ ವಿದ್ಯುದಂಶ ಉಳಿದಿರಬಹುದು.

ಮಾಡಿ ನೋಡಿ

1. ನಿಮ್ಮ ಶಾಲೆಯ ಪ್ರತಿ ಪರದೆಯಲ್ಲೂ ಒಂದು ವೃತ್ತ ಬರೆಸಿ. ಅಡ್ಡ ಮತ್ತು ಉದ್ದದ ವ್ಯಾಸಗಳ ನಿಷ್ಪತ್ತಿಯನ್ನು ವಿದ್ಯಾರ್ಥಿಗಳಿಂದ ಅಳೆಸಿ. 1 ಬಾರದಿದ್ದರೆ ರೆಸಲ್ಯೂಷನ್ ತಪ್ಪಿದೆ. ನಿಷ್ಪತ್ತಿ 1 ಬಂದು ಪರದೆಯ ಎರಡು ಪಕ್ಕಗಳಲ್ಲಿ ಕಪ್ಪು ಪಟ್ಟಿ ಕಂಡರೆ, ಮಾನಿಟರ್ ಆಕಾರವನ್ನು ಮಾತ್ರ ಕಾಪಾಡಿದೆ. ಅಕ್ಷರ ಆಗಲೂ ಮಬ್ಬೇ.

2. ನಿಮ್ಮ ಮಾನಿಟರಿನ ರೆಸಲ್ಯೂಷನ್ನಿಗೆ ಸಿವಿಟಿ ಕೊಡುವ ಸಂಖ್ಯೆಗಳಿಂದ ಒಂದು ಚುಕ್ಕೆಗೆ ಸಿಗುವ ಕಾಲವನ್ನು ಲೆಕ್ಕ ಹಾಕಿ.

3. ಇಡಿಐಡಿಯ 128 ಬೈಟ್‌ಗಳನ್ನೂ ಕೂಡಿಸಿದರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಪತ್ರ ದಾರಿಯಲ್ಲಿ ಕೆಟ್ಟಿಲ್ಲವೆಂದು ಗಣಕ ತಿಳಿಯುವುದು ಹೀಗೆ. ಕೊನೆಯ ಬೈಟನ್ನು ಇದಕ್ಕೆಂದೇ ಇಟ್ಟಿದ್ದಾರೆ. ಅದರಿಂದ ಯಾವ ಬಗೆಯ ತಪ್ಪು ಪತ್ತೆಯಾಗದೆ ಉಳಿಯಬಹುದೆಂದು ಯೋಚಿಸಿ.

ಇಂಥ ಕೆಲಸ ಶಿಕ್ಷಕರಿಂದ ಆಗದ್ದೇನಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಮೂಲಕ ಅನೇಕ ವರ್ಷಗಳಿಂದ ಲಿನಕ್ಸ್ ಬಳಕೆಯಲ್ಲಿದೆ. 2017ರಲ್ಲಿ ಆ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು.

ನಮ್ಮ ಶಾಲೆಯಲ್ಲಿ ಮೂರನೆಯ ಗಣಕ ಸರಿಯಾಗುವ ಹೊತ್ತಿಗೆ ಸಂಜೆಯ ಗಂಟೆ ಬಾರಿಸಿತ್ತು. ಹುಡುಗಿ ಹೋಗದೆ ನಿಂತಿದ್ದಳು. ಅದೇ ರೇಖೆಯನ್ನು ಮತ್ತೆ ಎಳೆದು ಅಳೆದಳು. ಈ ಸಲ 45. ಪುಸ್ತಕ ತೆರೆದು ಅಳಿಸಿದ್ದ 40ನ್ನು ಮತ್ತೆ ಬರೆಯಲೇ ಎಂದು ಕೇಳಿದಳು. ಉತ್ತರ ಕೊಟ್ಟವರು ಅವಳ ಶಿಕ್ಷಕರು: ‘ಬರಿ. ಪಕ್ಕದಲ್ಲಿ 1024×768 ಅಂತಲೂ ಬರಿ. ಕೆಳಗೆ ಇವತ್ತಿನ 45, ಅದರ ಪಕ್ಕದಲ್ಲಿ 1440×900.’ ಅಳತೆಯನ್ನು ಅದು ನಡೆದ ಸ್ಥಿತಿಯೊಡನೆ ದಾಖಲಿಸುವುದು ಹೇಗೆಂಬ ಪಾಠ ನಾಲ್ಕು ಸಾಲುಗಳಲ್ಲಿ ಮುಗಿಯಿತು. ನಿರೀಕ್ಷಿಸಿದ ಉತ್ತರ ಬಾರದಿದ್ದಾಗ ಮಕ್ಕಳ ಕೈಗೆ ರಬ್ಬರ್ ಕೊಡುವ ಮೊದಲು, ದಯವಿಟ್ಟು ಪರದೆಯ ಮೇಲೊಂದು ವೃತ್ತ ಬರೆದು ಅಳೆದು ನೋಡಿ.